ತೊಟ್ಟಿಯ ಗೋಡೆ

ಪ್ರಸಾದ,

ನಿನ್ನೆ ನೀನು ನಾಯಂಡಹಳ್ಳಿಯ ನಮ್ಮ ಮಿಲ್ ಕಾಲೋನಿಯಿಂದ ಮ್ಯಾನೇಜರ್ ಕಾರಿನಲ್ಲಿ ಹೋದ ಮೇಲೆ ಏನಾಯಿತೆಂದು ಹೇಳಬೇಕು. ಇದನ್ನು ಅಂಚೆಗೆ ಹಾಕುವುದಿಲ್ಲ, ಆದರೂ ಹೇಳಬೇಕು.

ಕುಡಿಯುವ ನೀರಿನ ತೊಟ್ಟಿಗೆ ಮಿಲ್ಲಿನವರು ಬ್ಲೀಚಿಂಗ್ ಪೌಡರ್ ಸುರಿದ ಮೇಲೆ ನೀನು ಪರೀಕ್ಷೆಗೆಂದು ನಲ್ಲಿಯಿಂದ ಬಾಟಲಿ ತುಂಬಿಕೊಂಡು ಹೋಗಿದ್ದೆ. ನಿನ್ನೆ ಬಂದು, ನೀರು ಶುದ್ಧ ಎಂದು ಸಾರಿದೆ. ತೊಟ್ಟಿಯ ಗೋಡೆ ಕೆರೆದು ನೋಡಿದೆಯಾ ಎಂದು ನಾನು ಕೇಳಿದ್ದಕ್ಕೆ, "ಕರಪತ್ರ ಓದಿದೋರೆಲ್ಲ ಸೈಂಟಿಸ್ಟ್ ಆಗಲ್ಲ ಗುರು" ಅಂದೆ. ಎಲ್ಲರೂ ನಕ್ಕರು.

ಕುಡಿಯುವ ನೀರಿನ ಬಗ್ಗೆ ನಾವು ಕಾಲೋನಿಯಲ್ಲಿ ಹಂಚಿದ ಆ ಕರಪತ್ರ ಬರೆದವನು ನೀನು. ಔಷಧಿಯ ಏಟು ಬಿದ್ದಾಗ ಬ್ಯಾಕ್ಟೀರಿಯಾದೊಳಗೆ ಸುಮ್ಮನಿದ್ದ ಜೀನ್‌ಗಳು ಚುರುಕಾಗಿ ಲೋಳೆ ತಯಾರಿಸುತ್ತವೆ, ತೇಲುವವು ಸಾಯುತ್ತವೆ, ಗೋಡೆಗೆ ಒಟ್ಟಾಗಿ ಅಂಟಿಕೊಂಡವು ಆ ಲೋಳೆಯ ಮರೆಯಲ್ಲಿ ಉಳಿಯುತ್ತವೆ, ಬಾಟಲಿಯ ನೀರಿನಲ್ಲಿ ಇದು ಕಾಣುವುದಿಲ್ಲ ಎಂದು ವಿಜಯನಗರದ ನಿನ್ನ ಕೋಣೆಯಲ್ಲಿ ನನಗೆ ಕಲಿಸಿದವನೂ ನೀನೇ. ಮಿಲ್ಲಿನ ಲ್ಯಾಬಿನಲ್ಲಿ ನಿನಗೆ ಕೆಲಸ ಸಿಕ್ಕಿದ್ದು ಆಮೇಲೆ.

ಪಟಾಲಮ್ಮನ ಮೊಮ್ಮಗಳು ವಾಂತಿಭೇದಿಯಿಂದ ಮಲಗಿದವಳು ಇನ್ನೂ ಎದ್ದಿಲ್ಲ. ನೀನು ಹೋದ ಮೇಲೆ ಪಟಾಲಮ್ಮ ನನ್ನ ಕೈಗೆ ತೆಂಗಿನ ಚಿಪ್ಪು ಕೊಟ್ಟು, "ಅವ್ರು ನಗ್ಲಿ, ನೀನು ಇಳಿಯಪ್ಪ" ಅಂದಳು. ಇಳಿದು ಕೆರೆದೆ. ಚಿಪ್ಪಿನ ತುಂಬ ಗಂಜಿಯಂಥ ಲೋಳೆ ಬಂತು. ನಕ್ಕವರೇ ಈಗ ತೊಟ್ಟಿ ಖಾಲಿ ಮಾಡಿ ಗೋಡೆ ಉಜ್ಜುತ್ತಿದ್ದಾರೆ.

ಪಟಾಲಮ್ಮ ಆ ಚಿಪ್ಪನ್ನೇ ನೋಡುತ್ತ ಕೇಳಿದಳು: "ಅಷ್ಟು ಓದಿರೋ ಹುಡುಗ, ಅವನಿಗೆ ಇದು ಗೊತ್ತಿರ್ಲಿಲ್ವೇನಪ್ಪ?"

"ಇಲ್ಲ ಅಜ್ಜಿ, ಗೊತ್ತಿರ್ಲಿಲ್ಲ" ಎಂದು ಹೇಳಿದೆ.