ಹಿತ್ತಲ ಬಾಗಿಲಿನ ಹಳೆಯ ಕೀಲಿ

ಸುಮಂಗಲಕ್ಕಾ,

ನಿನ್ನ ವಿಳಾಸ ಗೊತ್ತಿಲ್ಲ, ಆದರೂ ಬರೆಯುತ್ತಿದ್ದೇನೆ. ನಮ್ಮ ಓಣಿಯಲ್ಲಿ ಕಳ್ಳತನವಾದ ಮೇಲೆ ನಾನು ಹಟ ಹಿಡಿದು ಮುಂಬಾಗಿಲಿಗೆ ಸ್ಮಾರ್ಟ್ ಲಾಕ್ ಹಾಕಿಸಿದೆ. ಬೆರಳಿಟ್ಟರೆ ಸಾಕು, ತೆರೆಯುತ್ತದೆ. ಯಾರು ತೆರೆದರೆಂದು ನನ್ನ ಮೊಬೈಲಿಗೆ ಸುದ್ದಿಯೂ ಬರುತ್ತದೆ.

ಅವ್ವನ ಬೆರಳನ್ನು ಮಾತ್ರ ಅದು ಗುರುತಿಸಲಿಲ್ಲ. ಇಷ್ಟು ವರ್ಷ ಶಹಾಬಾದಿ ಕಲ್ಲು ಪಾಲಿಶ್ ಮಾಡಿ ಬೆರಳಿನ ಗೆರೆಗಳೇ ಸವೆದುಹೋಗಿವೆ. ಲಾಕ್ ಕೂರಿಸಲು ಬಂದಿದ್ದ ಕಪಿಲ, "ಚಿಂತಿ ಮಾಡಬ್ಯಾಡ್ರಿ ಯವ್ವಾ, ನಂಬರ್ ಒತ್ತಿದ್ರೂ ತೆರಿತದ" ಎಂದ.

"ನಂಬರ್ ನನ್ನ ತಲ್ಯಾಗ ನಿಲ್ಲಂಗಿಲ್ಲಪ್ಪಾ. ಹಳೀ ಕೀಲಿ ಹಿತ್ತಲ ಬಾಗಲಕ್ಕ ಇರಲಿ, ನಾ ಅಲ್ಲಿಂದೇ ಬರ್ತೀನಿ" ಎಂದಳು ಅವ್ವ. ಓಣಿಯವರೆಲ್ಲರ ಫೋನ್ ನಂಬರು ಬಾಯಿಪಾಠ ಇರುವವಳು! ನನಗೆ ಭಾರಿ ಸಿಟ್ಟು ಬಂತು. ಮುಂದೆ ಅಷ್ಟು ಭದ್ರ ಮಾಡಿ, ಹಿಂದೆ ಆ ತುಕ್ಕು ಹಿಡಿದ ಹಳೆಯ ಬೀಗವೇ?

ಇವತ್ತು ಬೆಳಿಗ್ಗೆ ನೋಡಿದರೆ ಅವ್ವ ಹಿತ್ತಲಲ್ಲಿ ಕುಳಿತು ಅದೇ ಕೀಲಿಗೆ ಕೊಬ್ಬರಿ ಎಣ್ಣೆ ಬಿಡುತ್ತಿದ್ದಳು. ಅದಕ್ಕಿರುವುದು ಎರಡೇ ಚಾವಿ. ಒಂದು ಅವಳ ಸೊಂಟದಲ್ಲಿದೆ. ಇನ್ನೊಂದನ್ನು, ಮೆಚ್ಚಿದವನ ಜೊತೆ ಹೊರಟ ದಿನ ನೀನು ಒಯ್ದೆ.

"ಹಿಂದಕ್ಕೂ ಹೊಸಾದು ಹಾಕಸೋಣು ಬೇ" ಎಂದೆ.

"ಹುಚ್ಚಿ ಏನ ನೀ? ಆಕಿ ಬಂದ್ರ ತನ್ನ ಮನೀ ಬಾಗಲಾನ ಬಡಕೋತ ನಿಂದರಬೇಕೇನು?"

ನಾನು ಬಟ್ಟೆ ತಂದು ತುಕ್ಕು ಒರೆಸಿದೆ.

ಚಾವಿ ಈಗ ಸಲೀಸಾಗಿ ತಿರುಗುತ್ತದೆ, ಅಕ್ಕಾ. ನಾನೇ ತಿರುಗಿಸಿ ನೋಡಿದ್ದೇನೆ.

ಮೈತ್ರಿ