ಹಸಿರು ಬಾಗಿಲ ಮೇಲಿನ ಸೊನ್ನೆ

ಭಾನುವಾರ, ಮಧ್ಯಾಹ್ನ

ಮಗಳೇ,

ನಿನ್ನ ಕಾಗದ ಶುಕ್ರವಾರ ಕೈಗೆ ಬಂತು. ನೀನು, ಅಳಿಯ ಇಬ್ಬರೂ ಚೆನ್ನಾಗಿದ್ದೀರಿ ಎಂದು ಓದಿ ಸಮಾಧಾನವಾಯಿತು. ನನ್ನ ಮಂಡಿನೋವು ಇದ್ದಹಾಗೇ ಇದೆ. ಮೂವತ್ತೆರಡು ವರ್ಷ ಈ ಊರಿನ ಮನೆಮನೆ ಮೆಟ್ಟಿಲು ಹತ್ತಿದವಳಿಗೆ ಅಷ್ಟಾದರೂ ಬೇಡವೇ.

ನನ್ನ ನಿವೃತ್ತಿಯ ದಿನ ಪುರಸಭೆಯವರು ಇಟ್ಟುಕೊಂಡಿರುವ ಸನ್ಮಾನಕ್ಕೆ ನನ್ನ ಬಗ್ಗೆ ಒಂದು ಪುಟ ಬರೆದುಕೊಡಲು ನಿನ್ನನ್ನೇ ಕೇಳಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ. ನೀನು ಕೇಳಿದ್ದಕ್ಕೆಲ್ಲ, ಅಂದರೆ ಯಾವ ವರ್ಷ ಸೇರಿದ್ದು, ಎಷ್ಟು ಹೆರಿಗೆ ಮಾಡಿಸಿದ್ದು, ರಕ್ತದಾನದ ಶಿಬಿರ ಯಾವಾಗ ಶುರುವಾದದ್ದು, ಇವಕ್ಕೆಲ್ಲ ಬೇರೆ ಹಾಳೆಯಲ್ಲಿ ಉತ್ತರ ಬರೆದಿಟ್ಟಿದ್ದೇನೆ. ಕೊನೆಯ ಪ್ರಶ್ನೆ ಮಾತ್ರ ಉಳಿಯಿತು: ‘ಅಮ್ಮ, ನಿನ್ನ ಕೆಲಸದಲ್ಲಿ ಮರೆಯಲಾಗದ ದಿನ ಯಾವುದು?’ ಅದಕ್ಕೆ ಈ ಕಾಗದ.

ಆ ದಿನ ನಿನಗೂ ನೆನಪಿದೆ. ನಿನಗೆ ಆಗ ಒಂಬತ್ತು ವರ್ಷ. ಶಾಲೆಯ ವಾರ್ಷಿಕೋತ್ಸವದಲ್ಲಿ ನೀನು ಪದ್ಯ ಹೇಳಬೇಕಿತ್ತು, ನಾನು ಬರಲಿಲ್ಲ. ಮನೆಗೆ ಬಂದು ನೀನು ಶೂ ಕೂಡ ಬಿಚ್ಚದೆ ಗೋಡೆಯ ಕಡೆ ತಿರುಗಿ ಮಲಗಿದೆ. ಕೆಲಸ ಮುಗಿಯಲಿಲ್ಲ ಕಂದಾ ಎಂದು ನಾನು ಹೇಳಿದೆ. ಆಮೇಲೆ ಎಷ್ಟೋ ಸಲ ನೀನು ತಮಾಷೆಗೆ ಅದನ್ನೆತ್ತಿದಾಗಲೂ ಅದನ್ನೇ ಹೇಳಿದ್ದೇನೆ.

ಆ ವರ್ಷ ಊರಿನಲ್ಲಿ ದಡಾರ ಹಬ್ಬಿತ್ತು. ಆರೋಗ್ಯ ಕೇಂದ್ರಕ್ಕೆ ಬರದ ಮಕ್ಕಳನ್ನು ಹುಡುಕಿಕೊಂಡು ನಾವೇ ಮನೆಗಳಿಗೆ ಹೋಗಿ ಲಸಿಕೆ ಹಾಕಬೇಕೆಂದು ಆದೇಶವಾಯಿತು. ಹಾಕಿದ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಸೊನ್ನೆ. ಮಗು ಉಳಿದಿದ್ದರೆ ಇಂಟು. ಎರಡು ದಿನ ಬಿಟ್ಟು ಇನ್ನೊಂದು ತಂಡ ಬಂದು ಇಂಟು ಇರುವ ಬಾಗಿಲನ್ನು ಮಾತ್ರ ತಟ್ಟುತ್ತದೆ. ಸೊನ್ನೆ ಇದ್ದರೆ ನಿಲ್ಲುವುದೂ ಇಲ್ಲ. ನನ್ನ ಸೊನ್ನೆ ಯಾವತ್ತೂ ಸರಿಯಾಗಿ ಕೂಡುವುದಿಲ್ಲ, ಕೊನೆಯಲ್ಲಿ ಒಂದು ಬಾಲ ಹೊರಗೆ ಉಳಿಯುತ್ತದೆ. ‘ಸಿಸ್ಟರ್ ಸೊನ್ನೆ ಓಡಿಹೋಗೋ ಹಾಗಿದೆ’ ಎಂದು ಕಾಂಪೌಂಡರ್ ಆಡಿಕೊಳ್ಳುತ್ತಿದ್ದ.

ಲಾಂಡ್ರಿ ಬೀದಿ ನನ್ನ ಪಾಲಿಗೆ ಬಂದಿತ್ತು. ನಲವತ್ತೊಂದು ಮನೆ. ಕೊನೆಯದು ಹಸಿರು ಬಾಗಿಲಿನದು. ಅಲ್ಲಿಗೆ ಬರುವಷ್ಟರಲ್ಲಿ ನನ್ನ ಸೀಸೆ ಖಾಲಿಯಾಗಿತ್ತು. ದಡಾರದ ಲಸಿಕೆ ಪುಡಿಯಾಗಿ ಬರುತ್ತದೆ. ದ್ರವ ಬೆರೆಸಿದರೆ ಒಂದು ಸೀಸೆ ಹತ್ತು ಮಕ್ಕಳಿಗೆ ಆಗುತ್ತದೆ, ನಾಲ್ಕು ಗಂಟೆಯೊಳಗೆ ಮುಗಿಸದಿದ್ದರೆ ಚೆಲ್ಲಬೇಕು. ದಿನದ ಕೊನೆಗೆ ಒಂದು ಮಗುವಿಗಾಗಿ ಹೊಸ ಸೀಸೆ ಒಡೆದರೆ ಒಂಬತ್ತು ಮಕ್ಕಳದ್ದು ಹಾಳು ಮಾಡಿದಿರಿ ಎಂದು ಮೇಲಿನವರು ಬೈಯುತ್ತಿದ್ದರು. ಹೆಗಲಿಗೆ ಹಾಕಿಕೊಂಡಿದ್ದ ಐಸ್ ಡಬ್ಬಿಯಲ್ಲಿ ಹೊಸ ಸೀಸೆ ಇತ್ತು. ಇರಲಿಲ್ಲ ಎಂದು ಬರೆಯಬಹುದಿತ್ತು. ಇತ್ತು.

ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿತ್ತು. ಬೀಗವಿಲ್ಲ. ಮಗು ಬೀದಿಗೆ ಓಡಬಾರದೆಂದು ತಾಯಿ ಚಿಲಕ ಸಿಕ್ಕಿಸಿ ಬಟ್ಟೆ ಒಗೆಯುವ ಕೆಲಸಕ್ಕೆ ಹೋಗಿದ್ದಳು. ನಾನು ಎರಡು ಸಲ ತಟ್ಟಿದೆ. ಒಳಗೆ ಹಾಸಿಗೆ ಹಿಡಿದಿದ್ದ ಅಜ್ಜಿ, ‘ಯಾರದು? ಚಿಲಕ ತೆಗೆದು ಬನ್ನಿ’ ಎಂದಿತು. ಆಮೇಲೆ ಬಾಗಿಲ ಕೆಳಭಾಗದಲ್ಲಿ, ನನ್ನ ಮೊಣಕಾಲಿನ ಎತ್ತರದಲ್ಲಿ, ಯಾರೋ ಲೋಟದಿಂದ ಬಡಿದರು. ಟಕ್, ಟಕ್. ನಾನು ತಟ್ಟಿದ್ದಕ್ಕೆ ಮಗು ಉತ್ತರ ಕೊಡುತ್ತಿತ್ತು. ಅದಕ್ಕೆ ಅದು ಆಟ.

ಚಿಲಕಕ್ಕೂ ನನ್ನ ಕೈಗೂ ಒಂದು ಗೇಣು ದೂರ. ನಾಳೆ ಬೆಳಿಗ್ಗೆ ಮೊದಲು ಇಲ್ಲಿಗೇ ಬಂದರಾಯಿತು ಎಂದುಕೊಂಡು ಸೊನ್ನೆ ಹಾಕಿ ಹೊರಟೆ.

ನಿನ್ನ ಪದ್ಯಕ್ಕೆ ಹೊತ್ತಾಗುತ್ತಿತ್ತು, ಅದಕ್ಕೇ ಅವಸರ ಮಾಡಿದೆ ಎಂದು ನಾನು ಬಹಳ ವರ್ಷ ನನಗೇ ಹೇಳಿಕೊಂಡಿದ್ದೇನೆ. ಸುಳ್ಳು. ನಾನು ಹೋದದ್ದು ಕೇಂದ್ರಕ್ಕೆ. ಒಂದೂ ಇಂಟು ಇಲ್ಲದೆ ಬೀದಿ ಮುಗಿಸಿದವಳು ಇಡೀ ಊರಿಗೆ ನಾನೊಬ್ಬಳೇ ಎಂದು ಡಾಕ್ಟರು ಎಲ್ಲರ ಮುಂದೆ ಹೇಳಿದರು. ಟೀ ತರಿಸಿದರು. ನೀನು ಪದ್ಯ ಹೇಳುತ್ತಿದ್ದ ಹೊತ್ತಿಗೆ ನಾನು ಟೀ ಕುಡಿಯುತ್ತ ಕುಳಿತಿದ್ದೆ.

ಮರುದಿನ ಬೆಳಿಗ್ಗೆ ಒಂದು ಹೆರಿಗೆ ಬಂತು, ಹೋಗಲಾಗಲಿಲ್ಲ. ಮೂರನೆಯ ದಿನ ಬಿಡುವಿತ್ತು, ನೆನಪೂ ಇತ್ತು. ಹೋದರೆ ರಿಜಿಸ್ಟರ್ ತಿದ್ದಬೇಕು, ತಿದ್ದಿದರೆ ಡಾಕ್ಟರು ನೋಡುತ್ತಾರೆ. ಹೋಗಲಿಲ್ಲ. ಮೂರು ವಾರಕ್ಕೆ ಆ ಮಗುವಿಗೆ ದಡಾರ ಬಂತು, ಅದು ಎದೆಗೆ ಇಳಿಯಿತು. ಎರಡು ವರ್ಷದ ಹೆಣ್ಣುಮಗು. ನನ್ನ ವಾರ್ಡಿನಲ್ಲೇ ಹೋಯಿತು. ನಾನೇ ಆಮ್ಲಜನಕದ ನಳಿಕೆ ತೆಗೆದೆ.

ಆ ಮಗುವಿನ ತಾಯಿ ನಮ್ಮ ಡಬ್ಬಿಯಕ್ಕ.

ನಿನಗೆ ಶಾಲೆಗೆ ಜಡೆ ಹೆಣೆದು ಕಳಿಸುತ್ತಿದ್ದವಳು, ನಿನ್ನ ಮದುವೆಯಲ್ಲಿ ನನಗಿಂತ ಹೆಚ್ಚು ಅತ್ತವಳು. ಅವಳಿಗೊಂದು ಮಗುವಿತ್ತು ಎಂದು ನಿನಗೆ ಗೊತ್ತು. ಹೇಗೆ ಹೋಯಿತೆಂದು ನೀನು ಕೇಳಿದಾಗಲೆಲ್ಲ ನಾನು ಮಾತು ಬದಲಿಸಿದ್ದೇನೆ.

ಮಗು ಹೋದ ಮುಂದಿನ ತಿಂಗಳು ಅವಳು ಕೇಂದ್ರಕ್ಕೆ ಬಂದು ಬಾಗಿಲಲ್ಲಿ ನಿಂತಳು. ‘ಲಸಿಕೆ ಡಬ್ಬಿ ಹೊರೋಕೆ ಯಾರಾದ್ರೂ ಬೇಕಾ, ಸಿಸ್ಟರ್?’ ಎಂದು ಕೇಳಿದಳು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಅಂದಿನಿಂದ ಇಪ್ಪತ್ತೆರಡು ವರ್ಷ ಆ ನೀಲಿ ಡಬ್ಬಿ ಅವಳ ಹೆಗಲ ಮೇಲೇ ಇದೆ. ಓದಲು ಬಾರದವಳಿಗೆ ಗುರುತುಗಳನ್ನು ನಾನೇ ಕಲಿಸಿದೆ. ಇದು ಸೊನ್ನೆ, ಆಯಿತು ಅಂತ. ಇದು ಇಂಟು, ಮಗು ಉಳಿದಿದೆ ಅಂತ.

ಜನ ನನಗೆ ಬಾಗಿಲು ತೆರೆಯುವುದಿಲ್ಲ ಮಗಳೇ, ಅವಳಿಗೆ ತೆರೆಯುತ್ತಾರೆ. ಹೆದರಿ ಹಿತ್ತಿಲಿಗೆ ಜಾರುವ ಗಂಡಸರನ್ನು, ‘ಸೂಜಿ ಮಗೂಗೆ ಕಣಪ್ಪಾ, ನಿಂಗಲ್ಲ. ನೀನ್ಯಾಕೆ ಚಡ್ಡಿ ಬಿಗಿ ಹಿಡ್ಕೊಂಡು ಓಡ್ತೀಯ’ ಎಂದು ನಗಿಸಿ ಎಳೆದು ತರುತ್ತಾಳೆ. ಒಪ್ಪದ ತಾಯಂದಿರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಒಂದೇ ಮಾತು ಹೇಳುತ್ತಾಳೆ: ‘ಆವತ್ತು ನಾನು ಮನೇಲಿ ಇರ್ಲಿಲ್ಲ ಕಣವ್ವಾ. ಇದ್ದಿದ್ರೆ ನನ್ನ ಮಗು ಇರ್ತಿತ್ತು. ನೀನು ಮನೇಲಿದೀಯ.’ ಅಷ್ಟೇ. ಅವರು ಮಗುವಿನ ತೋಳು ಮುಂದೆ ಮಾಡುತ್ತಾರೆ. ಈ ಊರಿನಲ್ಲಿ ದಡಾರ ನಿಂತದ್ದು ಆ ಮಾತಿನಿಂದ. ತಪ್ಪನ್ನು ಅವಳು ತನ್ನ ಮೇಲೆ ಎಳೆದುಕೊಂಡು ಹೇಳುವಾಗ ನಾನು ಪಕ್ಕದಲ್ಲಿ ನಿಂತು ಸಿರಿಂಜಿನ ಗಾಳಿ ತೆಗೆಯುತ್ತಿರುತ್ತೇನೆ. ಎಷ್ಟು ಸಾವಿರ ಸಲ ಕೇಳಿದ್ದೇನೆ ಎಂದು ನನಗೆ ಲೆಕ್ಕವಿಲ್ಲ.

ಅವಳದ್ದೊಂದು ವಿಚಿತ್ರವಿದೆ. ಲಸಿಕೆಯ ದಿನ ಅವಳಾಗಿ ಹೊರಗೆ ಬರುವುದಿಲ್ಲ. ‘ನೀವು ಬಂದು ಬಾಗಿಲು ತಟ್ಟಬೇಕು, ಆಗ ಬರ್ತೀನಿ’ ಎನ್ನುತ್ತಾಳೆ. ಈಗಲೂ ಅದೇ ಮನೆ, ಅದೇ ಹಸಿರು ಬಾಗಿಲು. ನಾನು ತಟ್ಟಿ ಕಾಯುತ್ತೇನೆ. ಆ ಎರಡು ಕ್ಷಣದಲ್ಲಿ ಕೆಳಗಿನಿಂದ ಟಕ್ ಟಕ್ ಎಂದು ಕೇಳಿಸುತ್ತದೆ. ಕೇಳಿಸುವುದಿಲ್ಲ ಎಂದು ನನಗೆ ಗೊತ್ತು. ಮೊಣಕಾಲು ತಾನಾಗಿ ಹಿಂದೆ ಸರಿಯುತ್ತದೆ. ಇನ್ನೊಂದು: ಯಾವ ಮನೆಯಲ್ಲೂ ನಾನು ಗುರುತು ಹಾಕಿ ಮುಗಿಸುವವರೆಗೆ ಅವಳು ಮುಂದಿನ ಮನೆಗೆ ಕಾಲು ಎತ್ತುವುದಿಲ್ಲ. ಬಿಸಿಲಿರಲಿ, ಹೆಗಲು ಬೀಳುತ್ತಿರಲಿ, ನನ್ನ ಕೈಯನ್ನೇ ನೋಡುತ್ತ ನಿಂತಿರುತ್ತಾಳೆ. ಕೆಲಸದಲ್ಲಿ ಅಷ್ಟು ನಿಷ್ಠೆ ಎಂದುಕೊಂಡಿದ್ದೆ.

ಸನ್ಮಾನದ ದಿನ ಅವಳೂ ನನ್ನ ಬಗ್ಗೆ ಮಾತಾಡುತ್ತಾಳಂತೆ. ಇಡೀ ಊರಿನ ಮುಂದೆ ಆ ಮಾತನ್ನು ಇನ್ನೊಮ್ಮೆ ಕೇಳಿಕೊಂಡು ಕುರ್ಚಿಯ ಮೇಲೆ ಕೂರಲು ನನ್ನಿಂದಾಗದು. ಆದ್ದರಿಂದ ನಿನ್ನ ಪುಟದಲ್ಲಿ ಇದನ್ನೇ ಬರೆ. ಸಿಹಿ ಹಚ್ಚಬೇಡ. ಅದಕ್ಕೆ ಮೊದಲು ನಾನು ಅವಳ ಮನೆಗೆ ಹೋಗಿ ನನ್ನ ಬಾಯಿಂದಲೇ ಹೇಳುತ್ತೇನೆ. ಹೇಳಿದ ಮೇಲೆ ಈ ಕಾಗದ ಅಂಚೆಗೆ. ಅವಳು ನನ್ನ ಮುಖಕ್ಕೆ ಉಗಿದರೂ ಸರಿ, ಆ ಭಾರ ಅವಳ ಹೆಗಲಿಂದ ಇಳಿಯಬೇಕು.

ನಿನ್ನ ಪದ್ಯ ನಾನು ಕೊನೆಗೂ ಕೇಳಲೇ ಇಲ್ಲ. ನೆನಪಿದ್ದರೆ ಮುಂದಿನ ಕಾಗದದಲ್ಲಿ ಬರೆದು ಕಳಿಸು.

ನಿನ್ನ,
ಅಮ್ಮ

ಮತ್ತೆ: ಮಂಗಳವಾರ ಸಂಜೆ ಇದನ್ನು ಸೇರಿಸುತ್ತಿದ್ದೇನೆ. ಇವತ್ತು ಹೋಗಿ ಬಂದೆ.

ಅವಳು ಡಬ್ಬಿ ತೊಳೆದು ಬಿಸಿಲಿಗೆ ಕವುಚಿ ಹಾಕಿದ್ದಳು. ಕೂರಿಸಿ ನೀರು ಕೊಟ್ಟಳು, ಅಂಚು ನೆಗ್ಗಿದ ಒಂದು ಚಿಕ್ಕ ಲೋಟದಲ್ಲಿ. ಇಷ್ಟು ವರ್ಷದಲ್ಲಿ ಆ ಲೋಟವನ್ನು ನಾನು ನೋಡಿರಲಿಲ್ಲ. ಎಲ್ಲವನ್ನೂ ಹೇಳಿದೆ, ಟೀ ಕುಡಿದದ್ದನ್ನೂ ಸೇರಿಸಿ. ಅವಳು ಕೇಳಿಸಿಕೊಂಡು, ‘ಡಬ್ಬಿ ಹೊತ್ತ ಮೊದಲನೇ ದಿನಾನೇ ಗೊತ್ತಾಯ್ತು ಸಿಸ್ಟರ್’ ಎಂದಳು. ‘ಯಾರೋ ತಟ್ಟಿ ಹೋದ್ರು, ಒಳಗೆ ಬರ್ಲಿಲ್ಲ ಅಂತ ನಮ್ಮತ್ತೆ ಆವತ್ತೇ ಅಂದಿದ್ರು. ಮಗು ತೋಳಲ್ಲಿ ಸೂಜಿ ಗುರುತಿರ್ಲಿಲ್ಲ. ಸೊನ್ನೆ ಅಂದ್ರೆ ಏನು ಅಂತ ನೀವೇ ಕಲಿಸಿದ್ರಲ್ಲ. ಬಾಲ ಇರೋ ಸೊನ್ನೆ ಈ ಊರಲ್ಲಿ ಇನ್ಯಾರದ್ದು?’

ಹಾಗಾದರೆ ಇಷ್ಟು ವರ್ಷ ಯಾಕೆ ನನ್ನ ಜೊತೆ ಬಂದೆ ಎಂದು ಕೇಳಿದೆ. ‘ನಿಮ್ಮ ಕೈ ಕಾಯೋಕೆ’ ಎಂದಳು. ‘ಇನ್ನೊಂದು ಬಾಗಿಲಿಗೆ ಹಂಗೆ ಹಾಕ್ತೀರೇನೋ ನೋಡೋಣ ಅಂತ. ನೀವು ಹಾಕ್ಲಿಲ್ಲ. ಹಾಕಿದ್ರೆ ಅವತ್ತೇ ಬಾಯಿ ಬಿಡ್ತಿದ್ದೆ.’

ನನ್ನ ಮಗಳು ಬರೆಯುತ್ತಾಳೆ, ಎಲ್ಲರಿಗೂ ತಿಳಿಯಲಿ ಎಂದೆ. ಬೇಡ ಅಂದಳು. ‘ಸಿಸ್ಟರೇ ಸುಳ್ಳು ಗುರುತು ಹಾಕ್ತಾರೆ ಅಂತ ಗೊತ್ತಾದ್ರೆ ನಾಳೆ ಬರೋ ಹೊಸ ಹುಡುಗಿಗೆ ಯಾರು ಬಾಗಿಲು ತೆಗೀತಾರೆ? ನಾನು ಓಡಾಡೋ ತನಕ ಬರೀಬೇಡಿ. ನೀವು ಬಂದು ಕುರ್ಚಿ ಮೇಲೆ ಕೂತ್ಕೊಳಿ. ನಾನು ಹೇಳೋದನ್ನೇ ಹೇಳ್ತೀನಿ, ಕೇಳಿ.’ ಕೋಪದಿಂದ ಹೇಳಲಿಲ್ಲ. ಡಬ್ಬಿಯಲ್ಲಿ ಐಸ್ ಎಷ್ಟಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

ನಾನು ಎದ್ದೆ. ಅವಳು ಗೋಡೆಯ ಗೂಡಿನಿಂದ ಸೀಮೆಸುಣ್ಣ ತೆಗೆದು ನನ್ನ ಕೈಗಿಟ್ಟು, ಬಾಗಿಲನ್ನು ನನ್ನ ಕಡೆ ಎಳೆದು ಹಿಡಿದಳು. ‘ಹೋಗೋ ಮುಂಚೆ ಸರಿಯಾದ ಗುರುತು ಹಾಕಿ ಹೋಗಿ.’

ಇಂಟು ಹಾಕಿದೆ. ಒಂದು ಗೆರೆ ಉದ್ದವಾಯಿತು. ನಾನು ಮುಗಿಸುವವರೆಗೆ ಅವಳು ಪಕ್ಕದಲ್ಲೇ ನಿಂತಿದ್ದು, ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಈ ಕಾಗದವನ್ನು ಹರಿಯಬೇಡ, ನಿನ್ನ ಪುಟದಲ್ಲಿ ಇದನ್ನು ಬರೆಯಲೂ ಬೇಡ. ಇಟ್ಟುಕೊ.