ನನ್ನ ಬೀರುವಿನಲ್ಲಿದ್ದ ಮೂರು ಬಿಲ್ಲೆಗಳು

ಮಾನ್ಯ ಮುಖ್ಯಾಧಿಕಾರಿಗಳೇ,

ಮುಚ್ಚಿ ಇಪ್ಪತ್ತೆರಡು ವರ್ಷವಾದ ಹಳೆಯ ಆಸ್ಪತ್ರೆಗೆ ಸುಣ್ಣ ಬಳಿಸಿ, ಸೋಮವಾರ ಅಲ್ಲಿ ಮಕ್ಕಳ ಶಾಲೆ ತೆರೆಯುತ್ತಿದ್ದೀರಿ. ತೆರೆಯಬೇಡಿ. ನೆಲಮಾಳಿಗೆಯ ವಿಕಿರಣ ಚಿಕಿತ್ಸೆಯ ಕೋಣೆಯ ನೇರ ಮೇಲಕ್ಕೆ ಒಂದನೇ ತರಗತಿ ಬರುತ್ತದೆ. ನನ್ನ ಮೊಮ್ಮಗಳು ಅಲ್ಲಿ ಕೂರುವವಳು.

ನಿಮ್ಮ ಕಚೇರಿಗೂ ಬಂದಿದ್ದೆ. ಗುಮಾಸ್ತ ಕಡತ ಬಿಡಿಸಿದ. "ನೋಡಿಮ್ಮ, ಆಸ್ಪತ್ರೆ ನಡೀತಿದ್ದ ಹತ್ತೊಂಬತ್ತು ವರ್ಷದ ವರದಿ. ಒಂದು ಸಲಾನೂ ವಿಕಿರಣ ಸೋರಿಲ್ಲ."

"ಇಷ್ಟು ಚೊಕ್ಕ ವರದಿ ನೋಡಿ ಅನುಮಾನ ಬರಲಿಲ್ವೇನಪ್ಪ?"

"ಚೊಕ್ಕವಾಗಿದ್ರೂ ತಪ್ಪಾ?" ಎಂದು ನಕ್ಕ.

ತಪ್ಪು. ಅದನ್ನು ಹೇಳಬಲ್ಲವಳು ಈಗ ನಾನೊಬ್ಬಳೇ ಉಳಿದಿದ್ದೇನೆ.

ಆ ಆಸ್ಪತ್ರೆಯ ಬಟ್ಟೆಕೋಣೆಯ ಮೇಲ್ವಿಚಾರಕಿಯಾಗಿದ್ದೆ ನಾನು. ವಿಕಿರಣದ ಕೋಣೆಯಲ್ಲಿ ಮೂವರು ಸಹಾಯಕರಿದ್ದರು. ಒಬ್ಬರು ನನ್ನ ಯಜಮಾನರು. ಮೈಗೆ ತಗುಲಿದ ವಿಕಿರಣವನ್ನು ಅಳೆಯುವ ಪುಟ್ಟ ಬಿಲ್ಲೆಯನ್ನು ಅವರು ಎದೆಗೆ ಸಿಕ್ಕಿಸಿಕೊಳ್ಳಬೇಕಿತ್ತು. ತಿಂಗಳಿಗೊಮ್ಮೆ ಅದು ಪರೀಕ್ಷೆಗೆ ಹೋಗುತ್ತಿತ್ತು. ಮೊದಲ ವರ್ಷವೇ ಎರಡು ಬಿಲ್ಲೆಗಳು ಅಂಗಿಯ ಜೊತೆ ಒಗೆಯುವ ಹಂಡೆಗೆ ಬಿದ್ದು ಹಾಳಾದವು. ಮೇಲಿನವರು ವಿವರಣೆ ಕೇಳಿದರು. ನನ್ನನ್ನು! ಹೊಸ ಬಿಲ್ಲೆ ಬಂದ ದಿನದಿಂದ ಮೂರನ್ನೂ ಕಿತ್ತುಕೊಂಡು, ಚಾದರ ಮಡಿಸಿಡುವ ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಪರೀಕ್ಷೆಯ ದಿನ ಒರೆಸಿ ಕಳಿಸುತ್ತಿದ್ದೆ.

"ಇದು ನಮ್ಮ ಎದೆ ಮೇಲಿರ್ಬೇಕಂತೆ ಕಣೇ" ಎಂದು ಯಜಮಾನರು ಗೊಣಗಿದರು.

"ಕಳಕೊಂಡ್ರೆ ಉತ್ತರ ಕೊಡೋಳು ನಾನು. ನಡೀರಿ."

"ಸರಿ ತಾಯಿ, ದೊಡ್ಡ ಡಾಕ್ಟ್ರಿಗಿಂತ ನಿನ್ನ ಭಯಾನೇ ಜಾಸ್ತಿ" ಎಂದು ನಗುತ್ತಾ ಕೋಣೆಗೆ ಹೋದರು.

ನೀವು ನಂಬಿ ಕೂತಿರುವುದು ನಾನು ಮಡಿಸಿಟ್ಟ ಚಾದರಗಳ ಆರೋಗ್ಯದ ವರದಿ, ಮಾನ್ಯರೇ. ಚಾದರಗಳು ಸುಖವಾಗಿದ್ದವು. ಆ ಮೂವರಲ್ಲಿ ಒಬ್ಬರೂ ಐವತ್ತು ದಾಟಲಿಲ್ಲ. ಮೊದಲು ಬೆರಳ ತುದಿ ಕಪ್ಪಾಯಿತು, ಆಮೇಲೆ ಉಗುರು ಉದುರಿತು. ಕೊನೆಕೊನೆಗೆ ಯಜಮಾನರ ಅಂಗಿಯ ಗುಂಡಿಯನ್ನು ನಾನೇ ಹಾಕುತ್ತಿದ್ದೆ. ಆಗಲೂ ನಾನು ಬಿಲ್ಲೆಯ ವಿಷಯ ಬಾಯಿ ಬಿಡಲಿಲ್ಲ.

ಆಸ್ಪತ್ರೆ ಮುಚ್ಚಿದಾಗಲೇ ವಿಕಿರಣದ ಯಂತ್ರವನ್ನು ಸಾಗಿಸಲಾಗಿದೆ ಎನ್ನುತ್ತೀರಿ. ಕಣ್ಣಾರೆ ಕಂಡ ಒಬ್ಬರನ್ನು ತೋರಿಸಿ. ನಾನು ಕಂಡದ್ದು, ಆ ಕೋಣೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿ ಮುಚ್ಚಿದ್ದನ್ನು. ಖಾಲಿ ಕೋಣೆಗೆ ಯಾರಾದರೂ ಇಷ್ಟು ಮುತುವರ್ಜಿಯಿಂದ ಗೋಡೆ ಕಟ್ಟುತ್ತಾರೆಯೇ? ಕಳೆದ ವಾರ ನಿಮ್ಮ ಕೆಲಸಗಾರರು ಅದನ್ನು ಒಡೆದಿದ್ದಾರೆ. ಗೇಟಿನ ಬಳಿ ಒಬ್ಬ ಅಂಗೈ ಕೆರೆದುಕೊಳ್ಳುತ್ತಾ ಕೂತಿದ್ದ.

"ಏನಾಯ್ತಪ್ಪ?"

"ಸಿಮೆಂಟು ತಿಂದಿದೆ ಅಷ್ಟೇ, ಅಮ್ಮ."

ಅವನ ಬೆರಳ ತುದಿಗಳನ್ನು ನೋಡಿದೆ. ಅದು ಸಿಮೆಂಟಲ್ಲ.

ಅವನನ್ನು ಇಂದೇ ವೈದ್ಯರಿಗೆ ತೋರಿಸಿ. ವಿಕಿರಣ ಅಳೆಯುವವರನ್ನು ಕರೆಸಿ. ಅಲ್ಲಿಯವರೆಗೆ ಒಂದು ಮಗುವೂ ಒಳಗೆ ಕಾಲಿಡಬಾರದು. ಇಲ್ಲವಾದರೆ ಸೋಮವಾರ ಶಾಲೆಯ ಮೆಟ್ಟಿಲ ಮೇಲೆ ನಾನು ಕೂತಿರುತ್ತೇನೆ. ಬರುವ ಪ್ರತಿಯೊಬ್ಬ ತಾಯಿಗೂ ನನ್ನ ತಪ್ಪನ್ನು ನಾನೇ ಹೇಳುತ್ತೇನೆ. ನಿಮ್ಮದನ್ನು ಹೇಳಲು ನೀವೂ ಬನ್ನಿ.

ಇಂತಿ,
ತಡವಾಗಿ ಬಾಯಿಬಿಟ್ಟ,
ಒಂದನೇ ತರಗತಿಯ ಹುಡುಗಿಯೊಬ್ಬಳ ಅಜ್ಜಿ